ಸತ್ತವಳ ಹೆಸರು ನೆನಪಿಲ್ಲದ ಸಿನಿಮಾಗಳು

ಸರಣಿ ಕೊಲೆಗಾರನ ಹಿಂದೆ ಬೀಳುವ ಪೊಲೀಸ್ ಕಥೆಯ ಸಿನಿಮಾ ಬಂದಾಗಲೆಲ್ಲ ಬೆಳಗಾವಿ ಕಡೆಯ ಪ್ರೇಕ್ಷಕರು ಎರಡು ಪಾಲಾಗುತ್ತಾರೆ. ಮೊದಲ ದಿನವೇ ಓಡಿಹೋಗಿ ನೋಡುವವರು ಒಂದು ಕಡೆ. ‘ಅಂಥಾ ಪಿಚ್ಚರ್ ಮನಿ ಮಂದಿ ಕೂಡ ಕುಂತು ನೋಡಾಕ ಆಗೂದಿಲ್ಲ’ ಅನ್ನುವವರು ಇನ್ನೊಂದು ಕಡೆ. ನೋಡಿ ಬಂದವರಲ್ಲೂ ಒಂದೇ ಮಾತಿಲ್ಲ. ‘ಇಂಟರ್ವಲ್ ತನಕ ಛಲೋ ಐತಿ, ಆಮ್ಯಾಲ ಎಳದಾರ’ ಅಂತ ಒಬ್ಬರು. ‘ಬರೇ ಕತ್ತಲಿ, ಏನೂ ಕಾಣವಲ್ದು’ ಅಂತ ಮತ್ತೊಬ್ಬರು. ‘ಕಡೀಕ ಮನಸ್ಸಿಗೆ ಭಾಳ ಕೆಟ್ಟ ಅನಸ್ತು’ ಅಂತ ಮೂರನೆಯವರು. ಕೊಲೆಗಾರ ಯಾರು ಅಂತ ಮೊದಲೇ ಗೊತ್ತಾಯ್ತು ಅನ್ನುವ ಜಾಣರಂತೂ ಎಲ್ಲ ಕಡೆ ಇದ್ದಾರೆ.

ಇಂಥ ಮಾತುಗಳನ್ನು ಕೇಳಿದವರು ಬಹಳ ಬೇಗ ಒಂದು ತೀರ್ಮಾನಕ್ಕೆ ಬರುತ್ತಾರೆ. ಈ ಭಾಗದ ಜನಕ್ಕೆ ಮಾಸ್ ಸಿನಿಮಾ ಬೇಕು, ಅಳುವ ನಗುವ ಕುಟುಂಬದ ಕಥೆ ಬೇಕು, ಡಾರ್ಕ್ ಸಿನಿಮಾ ಏನಿದ್ದರೂ ಬೆಂಗಳೂರಿನ ಮಲ್ಟಿಪ್ಲೆಕ್ಸಿಗೆ ಅಂತ. ಇದು ತಪ್ಪು ತೀರ್ಮಾನ ಅನ್ನುವುದು ನನ್ನ ವಾದ. ಈ ಜನ ಕತ್ತಲೆಗೆ ಹೆದರುವವರಲ್ಲ. ಅವರ ಅಸಮಾಧಾನಕ್ಕೆ ಬೇರೆ ಕಾರಣಗಳಿವೆ. ಒಂದೊಂದಾಗಿ ನೋಡಿದರೆ ಅವು ಸಿನಿಮಾದ ಕೊರತೆಯನ್ನೇ ತೋರಿಸುತ್ತವೆ.

ಮೊದಲು ಸಣ್ಣ ವಿಷಯ ಮುಗಿಸಿಬಿಡೋಣ. ‘ಏನೂ ಕಾಣವಲ್ದು’ ಅನ್ನುವುದು ಹಳ್ಳಿಗರ ಅಭಿರುಚಿಯ ದೋಷ ಅಂತ ಕೆಲವರು ಭಾವಿಸುತ್ತಾರೆ. ಆದರೆ ಅದು ಬಹಳ ಸಲ ಬಲ್ಬಿನ ದೋಷ. ಡಿಜಿಟಲ್ ಸಿನಿಮಾ ಪರದೆಯ ಮೇಲೆ 14 ಫುಟ್-ಲ್ಯಾಂಬರ್ಟ್, ಅಂದರೆ ಸುಮಾರು 48 ನಿಟ್ಸ್ ಬೆಳಕು ಬೀಳಬೇಕು ಅನ್ನುವುದು ಜಗತ್ತಿನಾದ್ಯಂತ ಒಪ್ಪಿಕೊಂಡ ಅಳತೆ. ನಿರ್ದೇಶಕರು ಬಣ್ಣ ತಿದ್ದುವುದು ಈ ಅಳತೆಗೆ ತಕ್ಕಂತೆ. ಪ್ರೊಜೆಕ್ಟರಿನ ಝೆನಾನ್ ಲ್ಯಾಂಪ್ ಹಳೆಯದಾದಂತೆ ಮಂಕಾಗುತ್ತದೆ. ಹೊಸದು ದುಬಾರಿ. ಬದಲಾಯಿಸದೆ ಓಡಿಸಿದರೆ ಹಾಡು, ಹೊಡೆದಾಟದ ಸಿನಿಮಾದಲ್ಲಿ ಅದು ಅಷ್ಟಾಗಿ ತಿಳಿಯುವುದಿಲ್ಲ. ರಾತ್ರಿ ಮಳೆಯಲ್ಲಿ ನಡೆಯುವ ಸಿನಿಮಾದಲ್ಲಿ ಅರ್ಧ ಕಥೆಯೇ ಮಾಯವಾಗುತ್ತದೆ. ಕೊಟ್ಟ ದುಡ್ಡಿಗೆ ಚಿತ್ರ ಕಾಣಬೇಕು ಅಂತ ಕೇಳುವುದು ನ್ಯಾಯವೇ ಅಲ್ವಾ?

ಇನ್ನು ಕೊಲೆಯ ಕಥೆ ಈ ಜನಕ್ಕೆ ಹಿಡಿಸುವುದಿಲ್ಲ ಅನ್ನುವ ಮಾತು. ಇದನ್ನು ಹೇಳುವವರು ಬೈಲಹೊಂಗಲದ ಹೆಸರು ಕೇಳಿಲ್ಲ ಅನಿಸುತ್ತದೆ. ಸಂಗ್ಯಾ ಬಾಳ್ಯಾ ಅನ್ನುವ ಜನಪದ ನಾಟಕ ಹುಟ್ಟಿದ ನೆಲ ಅದು. ಆ ಕಡೆ ನಿಜವಾಗಿ ನಡೆದ ಕೊಲೆಯೊಂದನ್ನೇ ಸಣ್ಣಾಟ ಮಾಡಿದರು ಅಂತ ಹೇಳುತ್ತಾರೆ. ಸಂಗ್ಯಾ ಬೇರೊಬ್ಬನ ಹೆಂಡತಿ ಗಂಗಾಳನ್ನು ಮೆಚ್ಚುತ್ತಾನೆ. ನಡುವೆ ಮಾತು ಮುಟ್ಟಿಸುವವನು ಗೆಳೆಯ ಬಾಳ್ಯಾ. ಕೊನೆಗೆ ಆ ಗೆಳೆಯನೇ ಕೈಕೊಡುತ್ತಾನೆ. ಗಂಡ ಈರಣ್ಣನ ಕಡೆಯವರು ಸಂಗ್ಯಾನನ್ನು ಕೊಲ್ಲುತ್ತಾರೆ. ಮೋಸ, ಬಯಕೆ, ನೆತ್ತರು ಎಲ್ಲ ಇದೆ. ಹೆಣ್ಣುಮಕ್ಕಳು, ಮಕ್ಕಳು, ಮುದುಕರು ಎಲ್ಲರೂ ರಾತ್ರಿಯಿಡೀ ಕೂತು ನೋಡಿದ್ದು ಇದನ್ನೇ.

ಅಲ್ಲಿ ಕೊಲೆಗಾರ ಯಾರು ಅನ್ನುವ ಗುಟ್ಟೇ ಇಲ್ಲ. ಆಟ ಶುರುವಾಗುವ ಮೊದಲೇ ಊರಿಗೆಲ್ಲ ಗೊತ್ತು. ಆದರೂ ಜನ ಎದ್ದು ಹೋಗಲಿಲ್ಲ. ಯಾಕೆಂದರೆ ಸಾಯುವವನು ಅವರಿಗೆ ಚೆನ್ನಾಗಿ ಗೊತ್ತು. ಅವನ ಆಸೆ ಗೊತ್ತು, ಅವನ ತಪ್ಪು ಗೊತ್ತು, ಗೆಳೆಯನ ಮೇಲೆ ಅವನಿಟ್ಟ ನಂಬಿಕೆ ಗೊತ್ತು. ಕೊಲ್ಲುವವರ ಸಿಟ್ಟೂ ಗೊತ್ತು. ಹಾಗಾಗಿ ಆ ಸಾವಿಗೆ ತೂಕ ಬರುತ್ತದೆ. ಬಾದಾಮಿ ಹತ್ತಿರ ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಗಳ ಆಟಗಳಲ್ಲೂ ಸಾವು, ದ್ರೋಹ ಕಡಿಮೆ ಇರುವುದಿಲ್ಲ. ಬನದ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ಬೆಳತನಕ ನಾಟಕ ನೋಡುವ ಜನರಿಗೆ ಗಟ್ಟಿ ಕಥೆ ತಡೆಯುವುದಿಲ್ಲ ಅಂದರೆ ನಾನಂತೂ ಒಪ್ಪುವುದಿಲ್ಲ.

ಹಾಗಾದರೆ ಸರಣಿ ಕೊಲೆಯ ಸಿನಿಮಾದಲ್ಲಿ ತಪ್ಪುವುದು ಎಲ್ಲಿ?

ಈ ಜಾತಿಯ ಸಿನಿಮಾಗಳ ಇವತ್ತಿನ ಅಚ್ಚು ತಯಾರಾಗಿದ್ದು ಬಹುಮಟ್ಟಿಗೆ 1995ರಲ್ಲಿ, ಡೇವಿಡ್ ಫಿಂಚರ್ ಅವರ ‘ಸೆವೆನ್’ ಬಂದ ಮೇಲೆ. ಹೆಸರಿಲ್ಲದ ನಗರ, ಬಿಡದ ಮಳೆ, ನಿವೃತ್ತಿಗೆ ಹತ್ತಿರ ಬಂದ ಹಿರಿಯ ಪತ್ತೇದಾರ, ಹೊಸದಾಗಿ ಬಂದ ಬಿಸಿರಕ್ತದ ಕಿರಿಯ. ಕ್ರೈಸ್ತ ಧರ್ಮ ಹೇಳುವ ಏಳು ಪಾಪಗಳ ಲೆಕ್ಕದಲ್ಲಿ ನಡೆಯುವ ಕೊಲೆಗಳು. ಚಿತ್ರದ ಕಪ್ಪು ಇನ್ನಷ್ಟು ಗಾಢವಾಗಲಿ ಅಂತ ಫಿಲ್ಮ್ ತೊಳೆಯುವಾಗ ಅದರಲ್ಲಿ ಬೆಳ್ಳಿಯ ಅಂಶ ಉಳಿಸುವ ವಿಧಾನವನ್ನು ಕೆಲವು ಪ್ರಿಂಟ್‌ಗಳಿಗೆ ಬಳಸಿದರು. ಸುಮಾರು 3.3 ಕೋಟಿ ಡಾಲರ್ ಖರ್ಚಿನ ಸಿನಿಮಾ ಜಗತ್ತಿನಾದ್ಯಂತ 32 ಕೋಟಿ ಡಾಲರ್‌ಗಿಂತ ಜಾಸ್ತಿ ಗಳಿಸಿತು. ಅಲ್ಲಿಂದ ಮುಂದೆ ಎಲ್ಲ ಭಾಷೆಯವರೂ ಮಳೆ, ಟಾರ್ಚು, ಗೋಡೆ ಮೇಲೆ ಅಂಟಿಸಿದ ಫೋಟೋ, ಕೆಂಪು ದಾರ ಹಿಡಿದುಕೊಂಡರು.

ಆದರೆ ಅವರು ಬಿಟ್ಟಿದ್ದು ಮುಖ್ಯವಾದದ್ದನ್ನು. ಆ ಸಿನಿಮಾದಲ್ಲಿ ಕೊಲೆಗಾರ ಕೊಲ್ಲುವುದನ್ನು ನಾವು ಒಮ್ಮೆಯೂ ನೋಡುವುದಿಲ್ಲ. ಎಲ್ಲ ಮುಗಿದ ಮೇಲೆ ಪೊಲೀಸರ ಜೊತೆ ಬಾಗಿಲು ತೆಗೆಯುತ್ತೇವೆ. ಕೊನೆಯಲ್ಲಿ ಬರುವ ಪೆಟ್ಟಿಗೆಯೊಳಗೆ ಏನಿದೆ ಅಂತ ಗೊತ್ತಾಗುತ್ತದೆ, ಆದರೆ ತೋರಿಸುವುದಿಲ್ಲ. ‘ನಾನು ಅದನ್ನು ನೋಡಿದೆ’ ಅಂತ ಆಣೆ ಮಾಡುವವರಿದ್ದಾರೆ. ಅವರು ನೋಡಿದ್ದು ತಮ್ಮ ಮನಸ್ಸಿನಲ್ಲಿ. ಮೂವತ್ತು ವರ್ಷ ಕಳೆದರೂ ಆ ಕೊನೆಯ ಬಗ್ಗೆ ಜಗಳ ನಿಂತಿಲ್ಲ. ಕೆಟ್ಟವನೇ ಗೆದ್ದ ಹಾಗಾಯಿತು ಅನ್ನುವವರು ಒಂದು ಕಡೆ. ಬೇರೆ ರೀತಿ ಮುಗಿಸಿದ್ದರೆ ಸುಳ್ಳಾಗುತ್ತಿತ್ತು ಅನ್ನುವವರು ಇನ್ನೊಂದು ಕಡೆ. ನಿರ್ಮಾಣ ಸಂಸ್ಥೆಗೂ ಈ ಅಂತ್ಯ ಬೇಡವಾಗಿತ್ತು. ಹಟ ಹಿಡಿದು ಉಳಿಸಿಕೊಂಡವರಲ್ಲಿ ನಟ ಬ್ರ್ಯಾಡ್ ಪಿಟ್ ಒಬ್ಬರು.

ನನಗೆ ಆ ಅಂತ್ಯ ಸರಿ ಅನಿಸುತ್ತದೆ. ಕಾರಣ ಇಷ್ಟೇ. ಅಲ್ಲಿ ಕೊನೆಗೆ ಸಾಯುವ ಹೆಣ್ಣುಮಗಳನ್ನು, ಅಂದರೆ ಕಿರಿಯ ಪತ್ತೇದಾರನ ಹೆಂಡತಿಯನ್ನು, ನಾವು ಮೊದಲೇ ಬಲ್ಲೆವು. ಅವಳ ಮನೆಯಲ್ಲಿ ಊಟಕ್ಕೆ ಕೂತಿದ್ದೇವೆ. ಗಂಡನಿಗೂ ಹೇಳದ ಮಾತನ್ನು ಅವಳು ಹಿರಿಯ ಪತ್ತೇದಾರನ ಮುಂದೆ ಹೇಳಿಕೊಂಡಿದ್ದನ್ನು ಕೇಳಿದ್ದೇವೆ. ಹಾಗಾಗಿ ಆ ಸಾವು ನಮ್ಮನ್ನು ಬಿಡುವುದಿಲ್ಲ. ಸಂಗ್ಯಾ ಬಾಳ್ಯಾದ ಪ್ರೇಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಬರುವ ಸಿನಿಮಾಗಳಲ್ಲಿ ಇದು ಉಲ್ಟಾ. ಮೊದಲ ಹತ್ತು ನಿಮಿಷದಲ್ಲಿ ಒಬ್ಬ ಹುಡುಗಿ ಒಂಟಿಯಾಗಿ ನಡೆದು ಬರುತ್ತಾಳೆ. ಹಿಂದೆ ಹೆಜ್ಜೆ ಸಪ್ಪಳ. ಕಿರುಚಾಟ. ಮರುದಿನ ಹೆಣ. ಅವಳ ಹೆಸರು ಒಂದು ಸಲ ಬರುತ್ತದೆ, ಅದೂ ಫೈಲಿನಲ್ಲಿ. ಎರಡನೆಯವಳು, ಮೂರನೆಯವಳು ಹೀಗೇ. ಇಂಟರ್ವಲ್ ನಂತರ ಅರ್ಧ ಗಂಟೆ ಕೊಲೆಗಾರನ ಬಾಲ್ಯ. ಅವನನ್ನು ಯಾರು ಹೀಯಾಳಿಸಿದರು, ಯಾವ ಹುಡುಗಿ ಬೇಡ ಅಂದಳು, ತಾಯಿ ಹೇಗೆ ಹೊಡೆದಳು. ‘ಆಮ್ಯಾಲ ಎಳದಾರ’ ಅಂತ ಜನ ಗೊಣಗುವುದು ಬಹಳ ಸಲ ಇದೇ ಭಾಗಕ್ಕೆ. ಅವರಿಗೆ ಸಾವಧಾನ ಇಲ್ಲ ಅಂತಲ್ಲ. ತಮಗೆ ಬೇಕಾದವರ ಕಥೆ ಬಿಟ್ಟು ಬೇಡದವನ ಕಥೆ ಹೇಳಿದರೆ ಯಾರಿಗಾದರೂ ಬೇಸರವಾಗುತ್ತದೆ.

2018ರ ತಮಿಳು ಸಿನಿಮಾ ‘ರಾಕ್ಷಸನ್’ ಈ ಗುಂಪಿನಲ್ಲಿ ತುಂಬ ಜನ ಮೆಚ್ಚಿದ್ದು. ಬಿಗಿಯಾದ ಕಥೆ, ಕೂತಲ್ಲಿಂದ ಏಳಲು ಬಿಡುವುದಿಲ್ಲ. ಮರುವರ್ಷವೇ ತೆಲುಗಿಗೆ ಹೋಯಿತು. ಅದರಲ್ಲಿ ಶಾಲೆಗೆ ಹೋಗುವ ಹುಡುಗಿಯರು ಬಲಿಯಾಗುತ್ತಾರೆ. ಪತ್ತೇದಾರನ ಸ್ವಂತ ಮನೆಯ ಮಗುವೇ ಸಿಕ್ಕಿಬಿದ್ದಾಗ ಚಿತ್ರಮಂದಿರ ಸ್ತಬ್ಧವಾಗುತ್ತದೆ. ಆ ಮಗುವನ್ನು ನಾವು ಬಲ್ಲೆವು ಅನ್ನುವುದೇ ಅದಕ್ಕೆ ಕಾರಣ. ಆದರೆ ಕೊಲೆಗಾರನಿಗೆ ದೇಹದ ಕಾಯಿಲೆಯೊಂದನ್ನು ಅಂಟಿಸಿ, ಜನ ಅಣಕಿಸಿದ್ದಕ್ಕೆ ಹೀಗಾದ ಅಂತ ಹೇಳುವ ಭಾಗ ನನಗೆ ಇಷ್ಟವಾಗಲಿಲ್ಲ. ಕಾಯಿಲೆ ಇರುವ, ಬೇರೆ ಥರ ಕಾಣುವ ಎಷ್ಟೋ ಮಕ್ಕಳು ನಮ್ಮ ಶಾಲೆಗಳಲ್ಲಿ ಇದ್ದಾರೆ. ಅವರ ತಂದೆ ತಾಯಿ ಈ ಸಿನಿಮಾ ನೋಡುವಾಗ ಏನಾಗಬೇಡ?

ಈ ಸಿನಿಮಾಗಳಲ್ಲಿ ಚಪ್ಪಾಳೆ, ಸೀಟಿ ಬೀಳುವ ಜಾಗ ಇನ್ನೊಂದಿದೆ. ಲಾಕಪ್ಪಿನಲ್ಲಿ ಅನುಮಾನದ ವ್ಯಕ್ತಿಗೆ ಬೀಳುವ ಏಟು. ‘ಹಿಂಗ ಮಾಡಬೇಕ್ ನೋಡ್ರಿ, ಕೋರ್ಟು ಕಚೇರಿ ಎಲ್ಲ ಸುಮ್ನೆ’ ಅನ್ನುವ ಮಾತು ಎಲ್ಲ ಊರಲ್ಲೂ ಕೇಳುತ್ತದೆ. ಜನರ ಸಿಟ್ಟು ಅರ್ಥವಾಗುತ್ತದೆ. ಕೇಸು ವರ್ಷಗಟ್ಟಲೆ ಎಳೆಯುವುದನ್ನು ಅವರು ಕಂಡಿದ್ದಾರೆ. ಆದರೆ ಈ ಚಪ್ಪಾಳೆಗೆ ಉತ್ತರ ದಕ್ಷಿಣ ಕೊರಿಯಾದಲ್ಲಿದೆ.

ಅಲ್ಲಿನ ಹ್ವಾಸಂಗ್ ಎಂಬಲ್ಲಿ 1986ರಿಂದ 1991ರ ನಡುವೆ 10 ಹೆಣ್ಣುಮಕ್ಕಳ ಕೊಲೆಯಾಯಿತು. ಕೊಲೆಗಾರ ಸಿಗಲಿಲ್ಲ. 2003ರಲ್ಲಿ ನಿರ್ದೇಶಕ ಬಾಂಗ್ ಜೂನ್-ಹೋ ಈ ಘಟನೆ ಇಟ್ಟುಕೊಂಡು ‘ಮೆಮೊರೀಸ್ ಆಫ್ ಮರ್ಡರ್’ ತೆಗೆದರು. ಗದ್ದೆ ಬಯಲಿನ ಹಳ್ಳಿ ಕಡೆಯ ಕಥೆ. ಪೊಲೀಸರು ಸಿಕ್ಕವರನ್ನು ಹೊಡೆದು ಬಡಿದು ತಪ್ಪೊಪ್ಪಿಗೆ ಬರೆಸುತ್ತಾರೆ. ಕೊಲೆ ಮಾತ್ರ ನಿಲ್ಲುವುದಿಲ್ಲ. ಕೊನೆಗೂ ಅಪರಾಧಿ ಸಿಗುವುದಿಲ್ಲ. ಪತ್ತೇದಾರ ನೇರ ಪ್ರೇಕ್ಷಕರ ಕಡೆ ನೋಡುವಲ್ಲಿ ಸಿನಿಮಾ ಮುಗಿಯುತ್ತದೆ. ಇದು ಮುಗಿದ ಹಾಗೆಯೇ ಅನಿಸಲಿಲ್ಲ ಅನ್ನುವವರು ಇವತ್ತಿಗೂ ಸಿಗುತ್ತಾರೆ. ಮುಂದಿನದು ಸಿನಿಮಾದ ಹೊರಗೆ ನಡೆಯಿತು. 2019ರಲ್ಲಿ ಹಳೆಯ ಸಾಕ್ಷ್ಯದ ಡಿಎನ್‌ಎ ಪರೀಕ್ಷೆಯಿಂದ ನಿಜವಾದ ಕೊಲೆಗಾರ ಗೊತ್ತಾದ. ಬೇರೊಂದು ಕೊಲೆಗಾಗಿ ಅವನು ಆಗಲೇ ಜೈಲಿನಲ್ಲಿದ್ದ. ಅಷ್ಟೇ ಅಲ್ಲ. ಆ ಹತ್ತರಲ್ಲಿ ಒಂದು ಕೊಲೆಗಾಗಿ ಏನೂ ತಪ್ಪು ಮಾಡದ ಇನ್ನೊಬ್ಬ 20 ವರ್ಷ ಜೈಲಿನಲ್ಲಿ ಕಳೆದಿದ್ದ. ಹೊಡೆದು ಒಪ್ಪಿಸಿದ್ದರು ಅಂತ ಅವನು ಹೇಳುತ್ತಲೇ ಇದ್ದ. 2020ರ ಡಿಸೆಂಬರಿನಲ್ಲಿ ಕೋರ್ಟು ಅವನು ನಿರಪರಾಧಿ ಅಂತ ಹೇಳಿತು.

ಲಾಕಪ್ಪಿನ ಏಟಿಗೆ ಸೀಟಿ ಹೊಡೆಯುವಾಗ ಆ 20 ವರ್ಷ ನಮ್ಮ ಕಣ್ಣಮುಂದೆ ಇರಬೇಕು. ಒಬ್ಬ ಅಮಾಯಕ ಒಳಗೆ ಇದ್ದಷ್ಟು ದಿನ ಆ ಕೊಲೆಯ ಫೈಲು ಮುಚ್ಚಿರುತ್ತದೆ. ಆ ಕೊಲೆಗೆ ನಿಜವಾದವನನ್ನು ಯಾರೂ ಹುಡುಕುವುದಿಲ್ಲ. ನಮ್ಮ ಕಾನೂನು ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷಿ ಅಂತ ಒಪ್ಪದೇ ಇರುವುದು ಇದೇ ಅನುಭವದಿಂದ. ಸಿನಿಮಾದವರಿಗೆ ಬಹಳ ಇಷ್ಟವಾದ ಮಂಪರು ಪರೀಕ್ಷೆಯನ್ನೂ ಒತ್ತಾಯದಿಂದ ಮಾಡುವಂತಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ಈ ತೀರ್ಪು ಕೊಟ್ಟಿದ್ದು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಕೇಸಿನಲ್ಲಿ. ನಮ್ಮದೇ ರಾಜ್ಯದ ಕೇಸು. ಆದರೂ ಸಿನಿಮಾದಲ್ಲಿ ಇಂಜೆಕ್ಷನ್ ಕೊಟ್ಟ ತಕ್ಷಣ ಸತ್ಯ ಹೊರಗೆ ಬರುತ್ತಲೇ ಇದೆ.

ಇನ್ನು ಸಿನಿಮಾಗಳು ಹೇಳುವ ದೊಡ್ಡ ಸುಳ್ಳಿಗೆ ಬರೋಣ. ಅದು ಕೊಲೆಗಾರನ ಬುದ್ಧಿವಂತಿಕೆ. ಒಗಟು ಬರೆದಿಡುತ್ತಾನೆ, ಪೊಲೀಸರಿಗೆ ಫೋನ್ ಮಾಡಿ ಸವಾಲು ಹಾಕುತ್ತಾನೆ, ಹತ್ತು ಹೆಜ್ಜೆ ಮುಂದೆ ಯೋಚಿಸುತ್ತಾನೆ. ನೋಡುವವರಲ್ಲಿ ಕೆಲವರು ಅವನ ಅಭಿಮಾನಿಗಳೇ ಆಗಿಬಿಡುತ್ತಾರೆ. ‘ಏನ್ ತಲಿ ಐತ್ರೀ ಅವಂದು’ ಅನ್ನುವ ಮೆಚ್ಚುಗೆಯನ್ನು ಕೇಳಿದರೆ ನನಗೆ ಕಸಿವಿಸಿ ಆಗುತ್ತದೆ.

ಕರ್ನಾಟಕ ಕಂಡ ನಿಜವಾದ ಕೇಸು ನೋಡಿ. ಸೈನೈಡ್ ಮೋಹನ್ ಅಂತ ಪತ್ರಿಕೆಗಳು ಕರೆದ ದಕ್ಷಿಣ ಕನ್ನಡದ ಆ ವ್ಯಕ್ತಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದವನು. ಮದುವೆ ಆಗುತ್ತೇನೆ, ವರದಕ್ಷಿಣೆ ಬೇಡ ಅಂತ ಬಡ ಮನೆಯ ಹೆಣ್ಣುಮಕ್ಕಳನ್ನು ನಂಬಿಸುತ್ತಿದ್ದ. ಬೇರೆ ಊರಿಗೆ ಕರೆದುಕೊಂಡು ಹೋಗಿ, ಮರುದಿನ ಬಸ್ ನಿಲ್ದಾಣದಲ್ಲಿ ಗರ್ಭ ನಿಲ್ಲದಿರಲಿ ಅಂತ ಮಾತ್ರೆ ಕೊಡುತ್ತಿದ್ದ. ಅದರಲ್ಲಿ ಸೈನೈಡ್ ಇರುತ್ತಿತ್ತು. ಶೌಚಾಲಯದೊಳಗೆ ಹೋಗಿ ನುಂಗಿದವರು ಅಲ್ಲೇ ಬಿದ್ದು ಸಾಯುತ್ತಿದ್ದರು. ಅವರ ಚಿನ್ನ ಇವನ ಕೈಯಲ್ಲಿ. ಹೀಗೆ 20 ಹೆಣ್ಣುಮಕ್ಕಳ ಕೊಲೆಯ ಕೇಸುಗಳು ಅವನ ಮೇಲೆ ಬಂದವು. 2009ರ ಅಕ್ಟೋಬರಿನಲ್ಲಿ ಸಿಕ್ಕಿಬಿದ್ದ. 2013ರಲ್ಲಿ ಶಿಕ್ಷೆ ಶುರುವಾಗಿ, ಕೊನೆಯ ಕೇಸಿನ ತೀರ್ಪು ಬರುವಷ್ಟರಲ್ಲಿ 2020 ಆಗಿತ್ತು.

ಇಷ್ಟು ವರ್ಷ ಅವನು ಹೇಗೆ ತಪ್ಪಿಸಿಕೊಂಡ? ಬುದ್ಧಿಯಿಂದಲ್ಲ. ಹೆಣ ಸಿಕ್ಕ ಊರು ಒಂದು, ಹುಡುಗಿ ಕಾಣೆಯಾದ ಊರು ಇನ್ನೊಂದು. ಹೆಣ ಸಿಕ್ಕ ಠಾಣೆಯಲ್ಲಿ ಅದು ಯುಡಿಆರ್, ಅಂದರೆ ಅಸಹಜ ಸಾವಿನ ಒಂದು ಫೈಲು. ಗುರುತು ಸಿಗದ ಹೆಣ್ಣುಮಗಳು, ವಿಷ ಕುಡಿದು ಸತ್ತಿದ್ದಾಳೆ, ಮುಗಿಯಿತು. ಇತ್ತ ಮನೆಯಲ್ಲಿ ‘ಯಾರ ಜೊತೆಗೋ ಹೋದಳು’ ಅಂತ ಮಾತು. ಮರ್ಯಾದೆಗೆ ಅಂಜಿ ಎಷ್ಟೋ ಮನೆಯವರು ದೂರನ್ನೇ ಕೊಟ್ಟಿರಲಿಲ್ಲ. ಬಂಟ್ವಾಳ ಕಡೆಯ ಒಬ್ಬ ಯುವತಿ ಕಾಣೆಯಾದಾಗ ಅವಳ ಸಮುದಾಯದ ಜನ ಸುಮ್ಮನೆ ಕೂರಲಿಲ್ಲ, ಬೀದಿಗಿಳಿದರು. ಆಮೇಲೆ ಪೊಲೀಸರು ಫೋನ್ ಕರೆಗಳ ದಾಖಲೆ ಹಿಡಿದು ಒಂದೊಂದೇ ಎಳೆ ಜೋಡಿಸಿದರು. ಅವನನ್ನು ಹಿಡಿದುಕೊಟ್ಟಿದ್ದು ಒಬ್ಬಳು ಸತ್ತವಳ ಬಗ್ಗೆ ಜನ ಕೇಳಿದ ಪ್ರಶ್ನೆ.

ಬೆಳಗಾವಿಗೆ ಇನ್ನೂ ಹತ್ತಿರದ ಉದಾಹರಣೆ ಕೊಲ್ಹಾಪುರದ್ದು. ಹೆದ್ದಾರಿಯಲ್ಲಿ ನೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. 1990ರಿಂದ 1996ರವರೆಗೆ ಒಬ್ಬ ತಾಯಿ ಮತ್ತು ಅವಳ ಇಬ್ಬರು ಹೆಣ್ಣುಮಕ್ಕಳು ಪಶ್ಚಿಮ ಮಹಾರಾಷ್ಟ್ರದ ಊರುಗಳಲ್ಲಿ ಬಡವರ ಮಕ್ಕಳನ್ನು ಕದ್ದರು. ಕಳ್ಳತನಕ್ಕೆ ಹೋದಾಗ ಜೊತೆಯಲ್ಲಿ ಮಗು ಇದ್ದರೆ ಯಾರಿಗೂ ಅನುಮಾನ ಬರುವುದಿಲ್ಲ, ಅದಕ್ಕೆ. ಮಗು ಅಳತೊಡಗಿದರೆ, ಭಾರವಾದರೆ ಕೊಂದುಬಿಟ್ಟರು. ತಾಯಿ ವಿಚಾರಣೆಗೆ ಮೊದಲೇ ಸತ್ತಳು. ಹೆಣ್ಣುಮಕ್ಕಳಿಬ್ಬರಿಗೆ ಗಲ್ಲು ಶಿಕ್ಷೆಯಾಯಿತು, 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕ್ಷಮಾದಾನದ ಅರ್ಜಿ ತೀರ್ಮಾನವಾಗಲು ತಡವಾಯಿತು ಅನ್ನುವ ಕಾರಣಕ್ಕೆ 2022ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. ಇಲ್ಲಿ ಒಗಟೂ ಇಲ್ಲ, ಮಹಾ ಬುದ್ಧಿಯೂ ಇಲ್ಲ. ಕಾಣೆಯಾದ ಮಕ್ಕಳು ಬಡವರವು ಅನ್ನುವುದೊಂದೇ ಆ ಮೂವರಿಗೆ ರಕ್ಷಣೆ.

ಇದನ್ನೆಲ್ಲ ತೂಗಿ ನೋಡಿದರೆ ಹೆಣ್ಣುಮಕ್ಕಳ ಅಭಿಪ್ರಾಯಕ್ಕೆ ಹೆಚ್ಚು ಬೆಲೆ ಕೊಡಬೇಕು ಅನಿಸುತ್ತದೆ. ಇಂಥ ಸಿನಿಮಾ ನೋಡಿದ ಹೆಣ್ಣುಮಕ್ಕಳು ಕೇಳುವ ಪ್ರಶ್ನೆ ಬೇರೆಯೇ ಇರುತ್ತದೆ. ‘ಆಕಿ ಮನ್ಯಾಗ ಯಾರೂ ಹುಡುಕಲಿಲ್ಲೇನು?’ ‘ಆ ಹುಡುಗಿ ಅವ್ವ ಆಮ್ಯಾಲ ಏನಾದ್ಲು?’ ಇವಕ್ಕೆ ಸಿನಿಮಾದಲ್ಲಿ ಉತ್ತರ ಇರುವುದಿಲ್ಲ. ಗಂಡಸರು ಕ್ಲೈಮ್ಯಾಕ್ಸಿನ ತಿರುವು ಚರ್ಚಿಸುತ್ತಿರುತ್ತಾರೆ. ಬಸ್ಸಿಳಿದು ಕತ್ತಲಲ್ಲಿ ಮನೆಗೆ ನಡೆಯುವ ನರ್ಸು, ಟ್ಯೂಷನ್ ಮುಗಿಸಿ ಬರುವ ಹುಡುಗಿ, ಇವರಿಗೆ ಆ ಮೊದಲ ಹತ್ತು ನಿಮಿಷ ಮನರಂಜನೆ ಆಗಲಾರದು. ‘ಮನಿ ಮಂದಿ ಕೂಡ ನೋಡಾಕ ಆಗೂದಿಲ್ಲ’ ಅನ್ನುವ ಮಾತಿನೊಳಗೆ ಇದೂ ಸೇರಿದೆ. ಬರೀ ರಕ್ತದ ಬಗ್ಗೆ ಹೇಳಿದ ಮಾತು ಅಲ್ಲ ಅದು.

ಸರ್ಟಿಫಿಕೇಟಿನ ಲೆಕ್ಕವೂ ಇದರಲ್ಲಿ ಕೈ ಆಡಿಸುತ್ತದೆ. ‘ಎ’ ಸಿಕ್ಕ ಸಿನಿಮಾವನ್ನು ಹಾಗೆಯೇ ಟಿವಿಯಲ್ಲಿ ಹಾಕುವಂತಿಲ್ಲ. ಕತ್ತರಿಸಿ ಬೇರೆ ಸರ್ಟಿಫಿಕೇಟ್ ಪಡೆಯಬೇಕು. ಟಿವಿ ಹಕ್ಕಿನ ದುಡ್ಡು ಕೈತಪ್ಪಬಾರದು ಅಂತ ಎಷ್ಟೋ ನಿರ್ಮಾಪಕರು ಮೊದಲೇ ‘ಯುಎ’ಗೆ ಹೊಂದುವ ಹಾಗೆ ಸಿನಿಮಾ ಮಾಡುತ್ತಾರೆ. 2023ರ ತಿದ್ದುಪಡಿಯ ನಂತರ ‘ಯುಎ’ ಒಳಗೇ 7, 13, 16 ವರ್ಷದ ಮೂರು ಮೆಟ್ಟಿಲು ಬಂದಿವೆ. ಇದು ಒಳ್ಳೆಯದೇ, ತಂದೆ ತಾಯಿಗೆ ಒಂದು ಅಂದಾಜು ಸಿಗುತ್ತದೆ. ಆದರೆ ಚಾಕುವಿನ ದೃಶ್ಯ ಎರಡು ಸೆಕೆಂಡು ಕಡಿಮೆ ಆದರೆ ಸಿನಿಮಾದ ನೋಟ ಬದಲಾಗುವುದಿಲ್ಲ. ಹುಡುಗಿ ಆಗಲೂ ಹೆಸರಿಲ್ಲದವಳೇ.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲೇ ಈ ಬಗೆಯ ಕಥೆಗೆ ಎಂಥ ಜಾಗ ಇದೆ ಅಂತ ಯೋಚಿಸಿ. ನಿಪ್ಪಾಣಿ ದಾಟಿದರೆ ಮಹಾರಾಷ್ಟ್ರ, ಘಟ್ಟ ಇಳಿದರೆ ಗೋವಾ. ಮೂರು ರಾಜ್ಯದ ಪೊಲೀಸರು, ಮೂರು ನಾಲ್ಕು ಭಾಷೆ. ಕಬ್ಬು ನುರಿಸುವ ಹಂಗಾಮು ಶುರುವಾದರೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬೆಳಗಾವಿ, ಬಾಗಲಕೋಟೆಗೆ ಬರುತ್ತವೆ. ವಿಜಯಪುರದ ಹಳ್ಳಿಗಳಿಂದಲೂ ಜನ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತಾರೆ. ಕೂಲಿಗಾಗಿ ಗೋವಾಕ್ಕೆ ಹೋದವರ ಮನೆಗಳು ನಮ್ಮ ಎಷ್ಟೋ ಊರಲ್ಲಿವೆ. ಹೊಲದ ಬದುವಿನ ಗುಡಿಸಲಿನಲ್ಲಿ ಇರುವ ಒಬ್ಬ ಹೆಣ್ಣುಮಗಳು ಕಾಣೆಯಾದರೆ ದೂರು ಯಾವ ಠಾಣೆಗೆ? ಗ್ಯಾಂಗಿನ ಮೇಸ್ತ್ರಿ, ಅಂದರೆ ಮುಕಾದಮ ಹೇಳುತ್ತಾನೆ, ಊರಿಗೆ ಹೋಗಿರಬೇಕು ಅಂತ. ಊರಿನವರು ಅಂದುಕೊಳ್ಳುತ್ತಾರೆ, ಕೆಲಸದ ಮೇಲೆ ಇದ್ದಾಳೆ ಅಂತ.

ಇದನ್ನು ಹಿಡಿಯಲು ದೈತ್ಯ ಬುದ್ಧಿಯ ಪತ್ತೇದಾರ ಬೇಕಿಲ್ಲ. ಹಳೆಯ ಯುಡಿಆರ್ ಫೈಲುಗಳನ್ನು ಒಂದರ ಪಕ್ಕ ಒಂದು ಇಟ್ಟು ಓದುವ ತಾಳ್ಮೆಯ ಒಬ್ಬ ಮಹಿಳಾ ಎಎಸ್‌ಐ ಸಾಕು. ಮರಾಠಿ ಬಲ್ಲ ಒಬ್ಬ ಕಾನ್‌ಸ್ಟೇಬಲ್ ಜೊತೆಗಿರಲಿ. ಉತ್ತರ ಕರ್ನಾಟಕದ ಮಾತಾಡುವ ಪೇದೆಯನ್ನು ನಗಿಸುವುದಕ್ಕಷ್ಟೇ ಇಟ್ಟುಕೊಳ್ಳುವ ಚಾಳಿ ಇಲ್ಲಿ ಬೇಡ, ಅವನೇ ಎಳೆ ಹಿಡಿಯಲಿ. ಬೆಳಗಾವಿಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನು, ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧದ ಜಾಗಕ್ಕೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು ಅನ್ನುತ್ತದೆ. ಇದಕ್ಕೆ ತಯಾರಾಗಲು ರಾಜ್ಯಗಳಿಗೆ ಐದು ವರ್ಷ ಸಮಯ ಕೊಟ್ಟಿದೆ. ಆದರೆ ಅಪರಾಧ ಅಂತಲೇ ಬರೆದುಕೊಳ್ಳದ ಸಾವಿಗೆ ತಜ್ಞರು ಬರುವುದು ಹೇಗೆ? ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಬೇಕು ಅನ್ನುವ ಝೀರೋ ಎಫ್‌ಐಆರ್ ಕೂಡ ಈಗ ಕಾನೂನಿನಲ್ಲೇ ಇದೆ. ಆ ಎಎಸ್‌ಐ ಮುಂದೆ ಬೀಡ್ ಕಡೆಯ ಒಬ್ಬ ಅವ್ವ ಮಗಳ ಫೋಟೋ ಹಿಡಿದು ನಿಂತಿದ್ದಾಳೆ, ದೂರು ಬರೆದುಕೊಳ್ಳಿ ಅನ್ನುತ್ತಾಳೆ, ಸಾಹೇಬರು ಬೇಡ ಅನ್ನುತ್ತಾರೆ. ಸಿನಿಮಾ ಅಲ್ಲಿಂದ ಶುರುವಾಗಲಿ. ಆ ಮಗಳ ಹೆಸರನ್ನು ಮೊದಲ ದೃಶ್ಯದಲ್ಲೇ ಹೇಳಲಿ, ಅವಳು ಗ್ಯಾಂಗಿನಲ್ಲಿ ಹೇಗಿದ್ದಳು, ಯಾರ ಜೊತೆ ಜಗಳವಾಡಿದ್ದಳು, ಮುಂಗಡದ ದುಡ್ಡು ಎಷ್ಟು ಬಾಕಿ ಇತ್ತು ಎಲ್ಲ ತೋರಿಸಲಿ. ಕೊಂದವನ ಬಾಲ್ಯಕ್ಕೆ ಎರಡು ನಿಮಿಷ ಸಾಕು.